ಗಿರಣಿ ಗೋಪುರದ ಸನ್ಯಾಸಿನಿ

ಸಂತ ಮಾರ್ತೀನನ ಹಬ್ಬದ ಬೆಳಿಗ್ಗೆ ದಿಯಾಂಬ್ರಾ ಮೂರನೆಯ ಹಂದಿಯ ಕುತ್ತಿಗೆ ಕೊಯ್ದು ರಕ್ತವನ್ನು ಬೋಗುಣಿಗೆ ಹಿಡಿಯುತ್ತಿದ್ದಳು. ಆಗ ಮುದುಕ ಬಾರ್ತೊಲೊ ಅಂಗಳಕ್ಕೆ ಬಂದವನೇ ಕುಸಿದು ಕೂತ. ಮೈಯೆಲ್ಲ ಒದ್ದೆ, ತುಟಿ ನೀಲಿಗಟ್ಟಿತ್ತು.

"ಏನಯ್ಯಾ, ಬೆಳಿಗ್ಗೆನೇ ಹೊಸ ವೈನು ಹೊಡ್ದು ಹೊಳೆಗೆ ಬಿದ್ಯಾ?" ಎಂದು ದಿಯಾಂಬ್ರಾಳ ಅತ್ತೆ ಪಾಲ್ಮೇರಿಯಾ ಗದರಿದಳು.

"ಎಲ್ಲಾ ಹೋದ್ರು ತಾಯಿ," ಎಂದ ಬಾರ್ತೊಲೊ. "ನನ್ನ ಜೊತೆ ಗಿರಣಿಗೆ ಬಂದೋರು ಆರೂ ಜನ. ನಾನು ಚಕ್ರದ ಕೆಳಗೆ ನೀರಲ್ಲಿ ಕೂತಿದ್ದೆ, ಅದಕ್ಕೆ ಉಳ್ಕೊಂಡೆ."

ಆ ಆರು ಜನರಲ್ಲಿ ದಿಯಾಂಬ್ರಾಳ ಗಂಡ ವೆಂತೂರಾ ಒಬ್ಬ. ರೊಕ್ಕಸ್ಪೀನಾ ಊರಿನ ಕೆಳಬಾಗಿಲು ಕೇರಿಗೆಲ್ಲ ಮಾಂಸ ಕಡಿದು ಕೊಡುತ್ತಿದ್ದ ಕಟುಕ ಅವನು. ಬೋಗುಣಿ ತುಂಬಿ ರಕ್ತ ಅವಳ ಪಾದದ ಮೇಲೆ ಹರಿಯಿತು. ಅವಳಿಗೆ ಅದು ಗೊತ್ತಾಗಲಿಲ್ಲ.

ಮೇಲ್ಕೇರಿಗೂ ಕೆಳಬಾಗಿಲಿಗೂ ಹಗೆ ಯಾವಾಗ ಶುರುವಾಯಿತೆಂದು ಸರಿಯಾಗಿ ಹೇಳುವವರು ಯಾರೂ ಬದುಕಿರಲಿಲ್ಲ. ಆ ವರ್ಷದ ಲೆಕ್ಕ ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಈಸ್ಟರ್ ಹಬ್ಬದಂದು ಬಲಿಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದ ಮೇಲ್ಕೇರಿಯ ಜೆಂತಿಲೆಯನ್ನು ಕೆಳಬಾಗಿಲಿನವರು ಇರಿದು ಕೊಂದಿದ್ದರು. ಅಂದು ಸಂಜೆ ವೆಂತೂರಾ ತೋಳಿನವರೆಗೆ ರಕ್ತದಲ್ಲಿ ನೆಂದ ಅಂಗಿ ಬಿಚ್ಚಿ ಕೊಟ್ಟಾಗ ದಿಯಾಂಬ್ರಾ ಅವನ ಮುಖ ನೋಡಿದ್ದಳು. "ನಾನು ಅವನ ಕೈ ಹಿಡ್ಕೊಂಡಿದ್ದೆ ಅಷ್ಟೇ ಕಣೇ, ಇರಿದದ್ದು ನಾನಲ್ಲ," ಎಂದಿದ್ದ. ಅವಳು ಬೂದಿನೀರಿನಲ್ಲಿ ಅಂಗಿ ನೆನೆಸಿದ್ದಳು. ಇನ್ನೊಂದು ಮಾತು ಕೇಳಿರಲಿಲ್ಲ.

ಮಾರ್ತೀನನ ಹಬ್ಬಕ್ಕೆ ಮೂರು ದಿನ ಯಾರೂ ಆಯುಧ ಮುಟ್ಟಬಾರದೆಂದು ಪಾದ್ರಿ ಎರಡೂ ಕೇರಿಯವರಿಂದ ಶಿಲುಬೆ ಮುಟ್ಟಿಸಿ ಆಣೆ ಮಾಡಿಸಿದ್ದ. ಅದನ್ನು ನಂಬಿ ಆ ಆರು ಜನ ಬಾರ್ತೊಲೊನ ಜೊತೆ ಗೋಧಿ ಹೊತ್ತು ಸೇತುವೆಯ ಬಳಿಯ ಗಿರಣಿಗೆ ಹೋಗಿದ್ದರು. ಗಿರಣಿ, ಅದರ ಪಕ್ಕದ ಕಲ್ಲುಗೋಪುರ ಎರಡೂ ಸತ್ತ ಜೆಂತಿಲೆಯವು. ಅವನ ವಿಧವೆ ಸೊಬಿಲಿಯಾ ಆ ಗೋಪುರದಲ್ಲೇ ಇದ್ದಳು.

"ಅವಳೇ," ಎಂದ ಬಾರ್ತೊಲೊ, ಹಲ್ಲು ಕಟಕಟ ಎನ್ನುತ್ತಿದ್ದರೂ. "ಮೇಲಿನ ಕಿಟಕೀಲಿ ಕೆಂಪು ಬಟ್ಟೆ ಇಳಿಬಿಟ್ಳು. ಅದನ್ನ ನೋಡಿನೇ ಅವಳ ಅಣ್ಣ ರಾನೂಚ್ಚೊ ಹಳ್ಳದಿಂದ ಜನ ಕಟ್ಕೊಂಡು ಮೇಲೆದ್ದ."

ದಿಯಾಂಬ್ರಾ ಕೈಗಾಡಿ ತಳ್ಳಿಕೊಂಡು ಹೋದಳು. ಗಿರಣಿಯ ಮುಂದೆ ಹಿಟ್ಟಿನ ಚೀಲಗಳು ಸೀಳಿ ಬಿದ್ದಿದ್ದವು. ಹಿಟ್ಟೂ ರಕ್ತವೂ ಸೇರಿ ನೆಲ ಕಲಸಿದ ಕಣಕದಂತಾಗಿತ್ತು. ವೆಂತೂರಾ ಉಳಿದವರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಸೇತುವೆಯ ಕಡೆ ತಲೆಹಾಕಿ ಬಿದ್ದಿದ್ದ. ಮುಖವೆಲ್ಲ ಹಿಟ್ಟು. ಅವಳು ಲಂಗದ ಅಂಚಿನಿಂದ ಅದನ್ನು ಒರೆಸಿದಳು. ಬೆನ್ನಿನ ಗಾಯ ನೋಡಿದಳು. ಕಡಿದವನಿಗೆ ಕೆಲಸ ಬರುತ್ತಿರಲಿಲ್ಲ, ಮೂರು ಸಲ ಕಡಿದಿದ್ದ. ಒಂದು ಏಟಿಗೆ ಮುಗಿಯಬೇಕಾದದ್ದು. ಹಂದಿಯನ್ನೂ ಅವಳು ಹಾಗೆ ಕೊಂದವಳಲ್ಲ.

ಚಳಿಗಾಲ ಕಳೆದು, ಯಾರೂ ಮಾಂಸ ತಿನ್ನದ ತಪಸ್ಸುಕಾಲ ಬಂತು. ಮಾಂಸದಂಗಡಿಗೆ ನಲವತ್ತು ದಿನ ಬೀಗ. ಆಗ ಊರಿಗೆ ಒಂದು ವಿಚಿತ್ರ ಸುದ್ದಿ ಹಬ್ಬಿತು. ಸೊಬಿಲಿಯಾ ಕೂದಲು ಕತ್ತರಿಸಿಕೊಂಡಿದ್ದಾಳೆ, ಅಣ್ಣ ಗೊತ್ತುಮಾಡಿದ್ದ ಎರಡನೇ ಗಂಡನನ್ನು ಬೇಡವೆಂದು ಗೋಪುರವನ್ನು ಕನ್ಯಾಮಠ ಮಾಡಿದ್ದಾಳೆ, ದಿಕ್ಕಿಲ್ಲದ ಹೆಂಗಸರನ್ನು ಸೇರಿಸಿಕೊಂಡು ಉಣ್ಣೆ ತೊಳೆಯುತ್ತಿದ್ದಾಳೆ ಎಂದು. ಮೇಲ್ಕೇರಿಯವರು ನಕ್ಕರು. ಕೆಳಬಾಗಿಲಿನವರು ಉಗುಳಿದರು.

ಒಂದು ದಿನ ಅವಳೇ ಕೆಳಬಾಗಿಲಿಗೆ ಬಂದಳು. ಬರಿಗಾಲು, ಹೆಗಲ ಮೇಲೊಂದು ಗೋಣಿ. ತನ್ನ ಮನೆಯ ಹೆಂಗಸರಿಗೆ ಒಂದು ಹಿಡಿ ಅವರೆಕಾಳು ಕೊಡಿರೆಂದು ಮನೆಮನೆಯ ಮುಂದೆ ನಿಂತಳು. ಯಾರೋ ಮಾಳಿಗೆಯಿಂದ ಕೊಟ್ಟಿಗೆಯ ಗಂಜಲ ಸುರಿದರು. ಪಾಲ್ಮೇರಿಯಾ ಹೊಸ್ತಿಲಲ್ಲೇ ನಿಂತು ಮುಷ್ಟಿಗಾತ್ರದ ಕಲ್ಲು ಬೀಸಿದಳು. ಅದು ನೆಟ್ಟಗೆ ಬಾಯಿಗೆ ಬಡಿಯಿತು. ಸೊಬಿಲಿಯಾ ಬಗ್ಗಿ ಎರಡು ಹಲ್ಲು ಉಗುಳಿದಳು, ಗೋಣಿ ಎತ್ತಿಕೊಂಡಳು, ಪಕ್ಕದ ಮನೆಯ ಬಾಗಿಲು ತಟ್ಟಿದಳು.

"ನೋಡಿದ್ಯಾ ಆ ಸೊಕ್ಕು!" ಎಂದು ಅತ್ತೆ ಒಳಗೆ ಬಂದು ದಿಯಾಂಬ್ರಾಳ ಮೇಲೆ ಹಾಯ್ದಳು. "ನನ್ನ ಮನೇಲಿ ಗಂಡಸು ಅಂತ ಒಬ್ಬ ಉಳಿದಿಲ್ಲ. ಉಳಿದಿರೋಳು ನೀನು. ನಿನ್ನ ಕೈಗೆ ಗಂಡು ಹಂದಿ ಆದ್ರೇನು, ಹೆಣ್ಣು ಹಂದಿ ಆದ್ರೇನು? ಹೋಗು. ಅವಳ ತಲೆ ತಗೊಂಡು ಬಾ. ಆಮೇಲೆ ನನ್ನನ್ನ ಅತ್ತೆ ಅಂತ ಕರಿ."

"ಹೋಗ್ತೀನಿ," ಎಂದಳು ದಿಯಾಂಬ್ರಾ. ಮೂರು ತಿಂಗಳಿಂದ ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಗೋಪುರದ ಬಾಗಿಲು ತೆಗೆದವಳ ಅರ್ಧ ಮುಖ ಸುಟ್ಟು ಸುಕ್ಕಾಗಿತ್ತು. ಅವಳ ಹೆಸರು ಚೆಕ್ಕಾ.

"ಯಾರು ನೀನು?"

"ಮರಿಯಾ ಅಂತ. ಬೆಟ್ಟದ ಆಚೆಯವಳು. ಗಂಡ ಸತ್ತ."

"ಇಲ್ಲಿ ಅದೇನು ದೊಡ್ಡ ವಿಷಯ ಅಲ್ಲ ಬಿಡು. ನನ್ನ ಗಂಡ ಸಾಯೋಕೆ ಮುಂಚೆ ನನ್ನ ಮುಖಾನ ಒಲೆಗೆ ಒತ್ತಿ ಹೋದ. ಬಾ, ಕಾಲು ಒರೆಸ್ಕೊಂಡು ಬಾ, ಈಗ ತಾನೇ ಗುಡಿಸಿದೀನಿ."

ಸೊಬಿಲಿಯಾ ಉಣ್ಣೆಯ ಕೊಪ್ಪರಿಗೆಯ ಬಳಿಯಿಂದ ಎದ್ದು ಬಂದಳು. ಎತ್ತರದ ಒಣಕಲು ಹೆಂಗಸು, ತುಟಿ ಇನ್ನೂ ಊದಿತ್ತು. ಬಂದವಳ ಮುಖಕ್ಕಿಂತ ಕೈಗಳನ್ನೇ ಹೆಚ್ಚು ಹೊತ್ತು ನೋಡಿದಳು.

"ಅಡುಗೆಮನೆ ನಿಂದು," ಎಂದಳು. "ಚಾಕು ಮೊಂಡಾಗಿದೆ. ಸಾಣೆಕಲ್ಲು ಕಿಟಕಿ ಹತ್ರ ಇದೆ."

ದಿಯಾಂಬ್ರಾ ಚಾಕು ಮಸೆದಳು. ಹನ್ನೆರಡು ದಿನ ಅವರೆಕಾಳಿನ ಗಂಜಿ ಬೇಯಿಸಿದಳು, ಚೆಸ್ಟ್‌ನಟ್ ಹಿಟ್ಟಿನ ರೊಟ್ಟಿ ಸುಟ್ಟಳು, ಕಾದಳು. ತಾನು ಕೊಲ್ಲಬೇಕಾದವಳನ್ನು ಹತ್ತಿರದಿಂದ ನೋಡಿದಳು. ಸೊಬಿಲಿಯಾ ಬೇಗ ಸಿಟ್ಟಾಗುತ್ತಿದ್ದಳು. ಉಣ್ಣೆ ಸರಿಯಾಗಿ ಹಿಂಡದವಳ ಕಿವಿ ಹಿಂಡುತ್ತಿದ್ದಳು, ಆಮೇಲೆ ತಾನೇ ಅದನ್ನು ಹಿಂಡಿ ಹರಡುತ್ತಿದ್ದಳು. ಪ್ರಾರ್ಥನೆಯ ಮಧ್ಯೆ ತೂಕಡಿಸಿ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದಳು. ಆದರೆ ಪ್ರತಿ ಬೆಳಿಗ್ಗೆ ಒಬ್ಬಳೇ ಗಿರಣಿಯ ಮುಂದಕ್ಕೆ ಹೋಗಿ ಆರು ಕಡೆ ಮಂಡಿಯೂರುತ್ತಿದ್ದಳು. ನಾಲ್ಕನೆಯದು ಉಳಿದವುಗಳಿಂದ ದೂರ, ಸೇತುವೆಯ ಕಡೆಗೆ. ಅದನ್ನು ಕಂಡರೆ ದಿಯಾಂಬ್ರಾಳ ಮೈಗೆ ಬೆಂಕಿ ಇಟ್ಟಂತಾಗುತ್ತಿತ್ತು. ತನ್ನ ಗಂಡ ಬಿದ್ದ ಮಣ್ಣಿನ ಮೇಲೆ ಮಂಡಿಯೂರಲು ಇವಳಿಗೇನು ಅಧಿಕಾರ?

ಹದಿಮೂರನೆಯ ಬೆಳಿಗ್ಗೆ ಅವಳು ಹಿಂದೆಯೇ ಹೋದಳು. ಸೊಬಿಲಿಯಾ ನಾಲ್ಕನೆಯ ಜಾಗದಲ್ಲಿ ಮಂಡಿಯೂರಿದ ಕೂಡಲೇ ಚಾಕು ಇಳಿಸಿದಳು. ನೂರಾರು ಹಂದಿ ಕೊಯ್ದ ಕೈ ಅಂದು ಗುರಿ ತಪ್ಪಿತು. ಅಲಗು ಪಕ್ಕೆಲುಬಿಗೆ ತಾಗಿ ಜಾರಿ, ಮಾಂಸದೊಳಗೆ ಓರೆಯಾಗಿ ಸಿಕ್ಕಿಕೊಂಡಿತು. ಸೊಬಿಲಿಯಾ ಮುಂದಕ್ಕೆ ಬಿದ್ದು, ಹೊರಳಿ, ಅವಳ ಮಣಿಕಟ್ಟು ಹಿಡಿದಳು.

"ಕಟುಕ ವೆಂತೂರಾನ ಹೆಂಡತಿ," ಎಂದಳು ಏದುಸಿರಿನಲ್ಲಿ. "ಎಷ್ಟು ದಿನ ಮಾಡಿದೆ ಮಾರಾಯ್ತಿ."

"ಗೊತ್ತಿತ್ತಾ?"

"ಬಾಗಿಲಲ್ಲೇ. ಅವನ ಮುಖದ ಹಿಟ್ಟು ಒರೆಸ್ತಾ ಇದ್ದೆಯಲ್ಲ, ಆಗ ನೋಡಿದ್ದೆ. ಹೂಂ, ಎಳೆದು ಇನ್ನೊಂದು ಸಲ ಹಾಕು. ಈ ಸಲ ಪಕ್ಕೆಲುಬು ಮುಗಿಯೋ ಕಡೆ."

ದಿಯಾಂಬ್ರಾ ಚಾಕು ಎಳೆದಳು. ಬಿಸಿರಕ್ತ ಬೆರಳ ಸಂದಿಯಲ್ಲಿ ಇಳಿಯಿತು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಬಾಯಿಂದ ಬಂದದ್ದು ಬೇರೆಯೇ ಮಾತು.

"ನೀನು ನೋಡಿದ್ಯಾ? ಅವನು ಸಾಯೋದು?"

"ಎಲ್ಲಾ ನೋಡ್ದೆ. ನೋಡೋಕೇ ಕಿಟಕೀಲಿ ನಿಂತಿದ್ದೆ."

"ಏನಂದ? ಏನಾದ್ರೂ ಅಂದ್ನಾ?"

ಸೊಬಿಲಿಯಾ ಉಸಿರು ಎಳೆದುಕೊಂಡಳು. "ಹೊಟ್ಟೆಗೆ ಏಟು ಬಿದ್ದ ಮೇಲೂ ಎದ್ದ. ಸೇತುವೆ ಕಡೆ ನಾಲ್ಕು ಹೆಜ್ಜೆ ಬಂದ. ದಿಯಾಂಬ್ರಾ ಅಂತ ಕೂಗಿದ. ಹೆದರಿ ಕೂಗಿದ ಹಾಗಿರಲಿಲ್ಲ. ನೀನು ಪಕ್ಕದ ಕೋಣೇಲಿ ಇದ್ದು, ಕರೆದ್ರೂ ಓಗೊಡದಿದ್ರೆ ಹೇಗೋ ಹಾಗೆ, ಸಿಡುಕಿ ಕೂಗಿದ. ಎರಡು ಸಲ. ಆಮೇಲೆ ನನ್ನಣ್ಣ ಹಿಂದಿನಿಂದ ಬಂದ."

ಅದು ಸುಳ್ಳಲ್ಲವೆಂದು ದಿಯಾಂಬ್ರಾಳಿಗೆ ತಿಳಿಯಿತು. ಒಂಬತ್ತು ವರ್ಷ ವೆಂತೂರಾ ಅವಳನ್ನು ಕರೆದದ್ದು ಹಾಗೆಯೇ. ಪ್ರೀತಿಗೂ ಸಿಡುಕೇ, ಹಸಿವಿಗೂ ಸಿಡುಕೇ. ಆ ಕೂಗು ಈಗ ಲೋಕದಲ್ಲಿ ಒಬ್ಬಳ ಕಿವಿಯಲ್ಲಿ ಮಾತ್ರ ಉಳಿದಿತ್ತು, ಅವಳು ಇಲ್ಲಿ ರಕ್ತ ಸೋರುತ್ತಾ ಬಿದ್ದಿದ್ದಳು. ಅವಳನ್ನು ಕೊಂದರೆ ಅದೂ ಹೋಗುತ್ತಿತ್ತು.

"ಆಮೇಲೆ ನಿನಗೆ ಏನನ್ನಿಸ್ತು?" ಎಂದು ಕೇಳಿದಳು.

"ಸಂತೋಷ. ಸುಳ್ಳು ಹೇಳಲ್ಲ. ಊಟಕ್ಕೆ ಕೂತೆ. ನೀನು ಗಾಡಿ ತಳ್ಕೊಂಡು ಬಂದೆ ನೋಡು, ಆಗ ತಿಂದದ್ದೆಲ್ಲಾ ಹೊರಗೆ ಬಂತು. ಅವತ್ತಿಂದ ಹೊಟ್ಟೇಲಿ ಏನೂ ಸರಿಯಾಗಿ ನಿಲ್ಲಲ್ಲ."

"ಮೆಟ್ಟಿಲ ಮೇಲೆ ನಿನ್ನ ಗಂಡನ ಕೈ ಹಿಡಿದಿದ್ದೋನು ನನ್ನ ಗಂಡ," ಎಂದಳು ದಿಯಾಂಬ್ರಾ. ಯಾಕೆ ಹೇಳಿದಳೋ ಅವಳಿಗೇ ತಿಳಿಯದು. "ಆ ಅಂಗಿ ಒಗೆದದ್ದು ನಾನು."

ಸೊಬಿಲಿಯಾ ಕಣ್ಣು ಮುಚ್ಚಿದಳು. "ಕಲೆ ಹೋಯ್ತಾ?"

"ಇಲ್ಲ."

ಅವಳನ್ನು ಹೊತ್ತು ಒಳಗೆ ತಂದವಳೂ ದಿಯಾಂಬ್ರಾಳೇ. ಗಾಯವನ್ನು ವೈನಿನಲ್ಲಿ ತೊಳೆದು, ಸಾಸೇಜಿನ ಕರುಳು ಹೊಲಿಯುವ ಸೂಜಿಯಿಂದ ಹೊಲಿದಳು. ಬೇಲಿಗೂಟದ ಮೇಲೆ ಬಿದ್ದೆನೆಂದು ಸೊಬಿಲಿಯಾ ಎಲ್ಲರಿಗೂ ಹೇಳಿದಳು. ಯಾರೂ ನಂಬಲಿಲ್ಲ. ಉಣ್ಣೆ ಒಯ್ಯಲು ಬಂದ ಹೇಸರಗತ್ತೆಯವನು ರಕ್ತದ ಬಟ್ಟೆಗಳನ್ನು ನೋಡಿದ. ಸಂಜೆಯ ಹೊತ್ತಿಗೆ ಸುದ್ದಿ ಮೇಲ್ಕೇರಿ ಮುಟ್ಟಿತು.

ಮೂರನೆಯ ದಿನ ನಡುಹಗಲಲ್ಲಿ ರಾನೂಚ್ಚೊ ಹತ್ತು ಜನರೊಂದಿಗೆ ಬಂದ. ಕೊಡಲಿ, ಕತ್ತಿ, ಹುಲ್ಲಿನ ಹೊರೆ. ಸೇತುವೆ ಕಾಯುವ ಗೋಪುರ ಹೆಂಗಸರ ಕೈಗೆ ಹೋದದ್ದು ಅವನಿಗೆ ನುಂಗಲಾರದ ತುತ್ತಾಗಿತ್ತು. ಈಗ ಒಳ್ಳೆಯ ನೆಪ ಸಿಕ್ಕಿತ್ತು.

ಸೊಬಿಲಿಯಾ ಗೋಡೆ ಹಿಡಿದುಕೊಂಡು ಮೇಲಿನ ಕಿಟಕಿಗೆ ಬಂದಳು. ಜ್ವರದಿಂದ ಮುಖ ಕೆಂಪಾಗಿತ್ತು.

"ನಿನ್ನ ಬೆನ್ನಿಗೆ ಚಾಕು ಹಾಕಿದೋಳನ್ನ ಹೊರಗೆ ಕಳಿಸು," ಎಂದು ರಾನೂಚ್ಚೊ ಕೂಗಿದ.

"ಚಾಕು ಹಾಕಿದ್ದು ನೀನು ಕಣಣ್ಣಾ, ಮಾರ್ತೀನನ ಹಬ್ಬದ ದಿನ. ನನಗೆ ಈಗ ನೋವು ಬಂದಿದೆ ಅಷ್ಟೇ."

"ಬಟ್ಟೆ ಇಳಿಬಿಟ್ಟೋಳು ಯಾರೇ? ಆಗ ಅಳುತ್ತಾ ನನ್ನ ಕಾಲು ಹಿಡಿದೋಳು ಯಾರು?"

"ನಾನೇ. ಅದಕ್ಕೇ ಹೇಳ್ತಾ ಇದೀನಿ, ಮನೆಗೆ ಹೋಗು."

"ತಲೆ ಬೋಳಿಸ್ಕೊಂಡ ಮೇಲೆ ನಾಲಿಗೆ ಉದ್ದ ಆಗಿದೆ," ಎಂದು ಅವನು ತನ್ನವರ ಕಡೆ ತಿರುಗಿ ನಕ್ಕ. ನಗು ಮುಗಿಯುವ ಮೊದಲೇ ಕೊಡಲಿಗಳು ಬಾಗಿಲಿಗೆ ಬಿದ್ದವು.

ಒಳಗಿದ್ದ ಎಂಟು ಹೆಂಗಸರಲ್ಲಿ ಇಬ್ಬರು ಶಿಲುಬೆಯ ಮುಂದೆ ಬೋರಲು ಬಿದ್ದರು. ಚೆಕ್ಕಾ ಮಾತ್ರ ಉಣ್ಣೆಯ ಕೊಪ್ಪರಿಗೆಯ ಕಡೆ ಓಡಿದಳು. ಬೂದಿನೀರು ಕುದಿಯುತ್ತಿತ್ತು. "ಕನ್ಯಾಮರಿಯಮ್ಮ ಆಮೇಲೆ ಕ್ಷಮಿಸ್ತಾಳೆ, ಈಗ ಹಿಡಿ ಆ ಕಡೆ!" ಎಂದು ದಿಯಾಂಬ್ರಾಳನ್ನು ಕರೆದಳು. ಬಾಗಿಲು ಸೀಳಿ ಮೊದಲಿನವನು ನುಗ್ಗಿದಾಗ ಇಬ್ಬರೂ ಸೇರಿ ಒಂದು ಕೊಳಗ ನೀರು ಅವನ ಮುಖಕ್ಕೆ ಎರಚಿದರು. ಅವನ ಅರಚು ಹೊಳೆಯಾಚೆಗೂ ಕೇಳಿಸಿತು. ಚರ್ಮ ಕೆನ್ನೆಯಿಂದ ಬಟ್ಟೆಯಂತೆ ಜಾರಿತು. ಹಿಂದಿನವನು ಅವನನ್ನು ದಾಟಿ ಬಂದು ಕೊಡಲಿಯ ಬೆನ್ನಿನಿಂದ ಹೊಡೆದ ಏಟಿಗೆ, ಅಡ್ಡ ನಿಂತಿದ್ದ ಅಗ್ನೆಸಿನಾ ಎಂಬ ಮುದುಕಿ ತಲೆ ಒಡೆದು ಅಲ್ಲೇ ಸತ್ತಳು. ಅವಳು ಬಂದು ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಬಾಗಿಲ ಬಳಿಯ ಹುಲ್ಲಿಗೆ ಬೆಂಕಿ ಹತ್ತಿ ಹೊಗೆ ತುಂಬಿತು.

ಮುದುಕಿಯ ಮಿದುಳು ಕಲ್ಲಿನ ಮೇಲೆ ಚೆಲ್ಲಿದ್ದನ್ನು ನೋಡಿ ದಿಯಾಂಬ್ರಾ ಮುಂದೆ ಬಂದಳು.

"ನಾನೇ," ಎಂದಳು. "ವೆಂತೂರಾನ ಹೆಂಡತಿ. ನೀನು ಹಿಂದಿನಿಂದ ಕಡಿದೆಯಲ್ಲ, ಮೂರು ಏಟು, ನಾಚಿಕೆಗೇಡಿ. ಈಗ ಮುಂದಿನಿಂದ ಕಡಿ ನೋಡೋಣ."

ರಾನೂಚ್ಚೊ ಕತ್ತಿ ಎತ್ತಿದ. ಮೆಟ್ಟಿಲಿನಿಂದ ಜಾರುತ್ತಾ, ಬೀಳುತ್ತಾ ಇಳಿದು ಬಂದ ಸೊಬಿಲಿಯಾ ಹೊಗೆಯೊಳಗಿಂದ ನಡುವೆ ಬಂದದ್ದು ಅವನಿಗೆ ಕಾಣಲಿಲ್ಲ. ಅವಳು ಎಡಗೈ ಅಡ್ಡ ಹಿಡಿದಳು. ಕತ್ತಿ ಮೊಣಕೈಯ ಕೆಳಗೆ ಎಲುಬು ಮುರಿದು, ಇನ್ನೊಂದು ಬದಿಯ ಚರ್ಮದಲ್ಲಿ ನಿಂತಿತು. ಕೈ ಕೆಳಕ್ಕೆ ಜೋತಿತು.

ಕೊಡಲಿಗಳು ನಿಂತವು. ಬೆಂಕಿಯ ಚಟಪಟ ಸದ್ದು, ಮುಖ ಬೆಂದವನ ಗೋಳು ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ. ರಾನೂಚ್ಚೊ ಕತ್ತಿಯನ್ನೂ ತಂಗಿಯನ್ನೂ ನೋಡಿದ.

"ನೀನೇ ಅಡ್ಡ ಬಂದೆ," ಎಂದ ಚಿಕ್ಕ ದನಿಯಲ್ಲಿ. "ಎಲ್ಲರೂ ನೋಡಿದ್ದಾರೆ. ಅವಳೇ ಅಡ್ಡ ಬಂದದ್ದು." ಹೊರಗೆ ಹೋಗಿ ಕುದುರೆ ಹತ್ತಿದ. ಮುಖ ಬೆಂದವನನ್ನು ಎತ್ತಿಕೊಳ್ಳಲೂ ಅವನು ಹೇಳಲಿಲ್ಲ, ಉಳಿದವರು ತಾವಾಗಿಯೇ ಎಳೆದುಕೊಂಡು ಹೋದರು. ಹೆಂಗಸರು ಕೊಪ್ಪರಿಗೆಯ ನೀರು ಸುರಿದು ಬೆಂಕಿ ಆರಿಸಿದರು.

ಕೈ ಉಳಿಯುವಂಥದ್ದಲ್ಲ ಎಂದು ದಿಯಾಂಬ್ರಾಳಿಗೆ ನೋಡಿದ ಕೂಡಲೇ ತಿಳಿಯಿತು. ಕೀಲು ಎಲ್ಲಿ ಬಿಡಿಸಬೇಕೆಂದು ಊರಿನಲ್ಲಿ ಅವಳಷ್ಟು ಬಲ್ಲವರು ಇರಲಿಲ್ಲ. ಚೆಕ್ಕಾ ಎದೆಯ ಮೇಲೆ ಕೂತಳು, ಇಬ್ಬರು ಕಾಲು ಹಿಡಿದರು. ದಿಯಾಂಬ್ರಾ ತೊಗಲುಪಟ್ಟಿ ಬಿಗಿದು, ಮೊಣಕೈಯ ಕೀಲಿಗೆ ಚಾಕು ಹಾಕಿ ತಿರುಗಿಸಿದಳು. ಸೊಬಿಲಿಯಾ ದೇವರ ಹೆಸರು ಎತ್ತಲಿಲ್ಲ. ಹೇಸರಗತ್ತೆ ಹೊಡೆಯುವವರೂ ನಾಚುವಂಥ ಬೈಗುಳ ಬೈದಳು, ಅಣ್ಣನನ್ನು, ದಿಯಾಂಬ್ರಾಳನ್ನು, ಎರಡೂ ಕೇರಿಯವರನ್ನು, ಅವರ ತಾತಂದಿರನ್ನು.

"ಅಮ್ಮಾ, ನಿಮಗೆ ಇಷ್ಟೆಲ್ಲ ಬರುತ್ತಾ?" ಎಂದಳು ಚೆಕ್ಕಾ ಅಳುತ್ತಲೇ.

"ಗಿರಣಿ ಯಜಮಾನನ್ನ ಮದುವೆ ಆಗಿದ್ದೆ ಕಣೇ, ದೇವದೂತನ್ನಲ್ಲ," ಎಂದವಳು, ರಕ್ತ ಕಟ್ಟಲು ಸುರಿದ ಕಾದ ರಾಳ ಮೋಟುಗೈಯ ಮೇಲೆ ಬಿದ್ದಾಗ ಎಚ್ಚರ ತಪ್ಪಿದಳು.

ಬದುಕಿದಳು. ತೋಟದಲ್ಲಿ ಮುದುಕಿ ಅಗ್ನೆಸಿನಾಳನ್ನು ಹೂತರು. ಆ ಮಠದ ಮೊದಲ ಗೋರಿ ಅದು. ಏಳು ವಾರದ ಮೇಲೆ ಒಂದು ಭಾನುವಾರ ಸೊಬಿಲಿಯಾ ದಿಯಾಂಬ್ರಾಳ ಹೆಗಲು ಹಿಡಿದು ಊರಿಗೆ ಹತ್ತಿದಳು. ಇಗರ್ಜಿಯ ಮೆಟ್ಟಿಲ ಮೇಲೆ, ಗಂಡ ಸತ್ತ ಕಲ್ಲಿನ ಮೇಲೆಯೇ ನಿಂತಳು. ಬಲಿಪೂಜೆ ಮುಗಿಸಿ ಎರಡೂ ಕೇರಿಯವರು ಬೇರೆಬೇರೆ ಬಾಗಿಲಿನಿಂದ ಹೊರಬರುತ್ತಿದ್ದರು.

"ಕೇಳಿ," ಎಂದು ಕೂಗಿದಳು. "ಮಾರ್ತೀನನ ಹಬ್ಬದಲ್ಲಿ ಆರು ಜನಾನ ಕೊಲ್ಲಿಸಿದ್ದು ನಾನು. ಆಣೆ ಮುರಿಸಿದ್ದು ನಾನು. ಯಾರ ಮನೆಗೆ ನನ್ನ ರಕ್ತ ಬೇಕೋ ಬನ್ನಿ, ಇಲ್ಲೇ ಇದೀನಿ. ಆದರೆ ನನ್ನ ಹೆಸರಲ್ಲಿ ಇನ್ನೊಬ್ಬರ ರಕ್ತ ಕೇಳಬೇಡಿ."

ಮೇಲ್ಕೇರಿಯವರು ತಲೆತಗ್ಗಿಸಿ ಜಾಗ ಖಾಲಿ ಮಾಡಿದರು. ಕೆಳಬಾಗಿಲಿನ ಗುಂಪಿನಿಂದ ಪಾಲ್ಮೇರಿಯಾ ಬಂದಳು. ಸೊಬಿಲಿಯಾಳ ಕೆನ್ನೆಗೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು. ಮೂರನೆಯದಕ್ಕೆ ಎತ್ತಿದ ಕೈ, ಖಾಲಿ ತೋಳಂಗಿಯನ್ನು ನೋಡಿ ತಡೆಯಿತು. ಸೊಸೆಯ ಕಡೆ ತಿರುಗಿದಳು.

"ತಲೆ ತಗೊಂಡು ಬಾ ಅಂತ ಕಳಿಸಿದ್ರೆ, ಮೊಣಕೈ ತಗೊಂಡು ಬಂದ್ಯಾ?"

"ಅಷ್ಟೇ ಅತ್ತೆ ಆದದ್ದು."

"ಮನೆಗೆ ಬರ್ತೀಯಾ, ಇಲ್ವಾ?"

ದಿಯಾಂಬ್ರಾ ತನ್ನ ಹೆಗಲ ಮೇಲಿದ್ದ ಸೊಬಿಲಿಯಾಳ ಕೈಯನ್ನು ನೋಡಿದಳು. "ಇವಳನ್ನ ಕ್ಷಮಿಸೋದೆಲ್ಲ ನನ್ನ ಕೈಲಿ ಆಗಲ್ಲ," ಎಂದಳು. "ಆದ್ರೆ ಬರಲ್ಲ." ಪಾಲ್ಮೇರಿಯಾ ಅವಳ ಪಾದದ ಬಳಿ ಉಗುಳಿ ಇಳಿದುಹೋದಳು.

ಊರಿನ ಹಗೆ ಅಂದಿಗೆ ಮುಗಿಯಲಿಲ್ಲ. ಎರಡು ವರ್ಷದ ಮೇಲೆ ರಾನೂಚ್ಚೊನನ್ನು ಯಾರೋ ದ್ರಾಕ್ಷಿತೋಟದಲ್ಲಿ ಗುದ್ದಲಿಯಿಂದ ಕೊಚ್ಚಿದರು. ಸೊಬಿಲಿಯಾ ಮೂರು ದಿನ ಅನ್ನ ಮುಟ್ಟಲಿಲ್ಲ, ಕೊಂದವರ ಹೆಸರು ಹೇಳಬಂದವನನ್ನು ಬಾಗಿಲಿನಿಂದಲೇ ಅಟ್ಟಿದಳು. ಆದರೆ ಮಠಕ್ಕೆ ಹೆಂಗಸರು ಬಂದರು. ಮೊದಲು ಗಿರಣಿಯಲ್ಲಿ ಸತ್ತವನೊಬ್ಬನ ತಂಗಿ, ಆಮೇಲೆ ಮುಖ ಸುಟ್ಟುಕೊಂಡಿದ್ದವನ ಮಗಳು. ಇಬ್ಬರೂ ಒಂದೇ ಕೊಪ್ಪರಿಗೆಯ ಎರಡು ಬದಿ ನಿಂತು, ಒಂದು ವರ್ಷ ಮಾತಾಡದೆ ಉಣ್ಣೆ ತಿರುವಿದರು. ಬಿಷಪ್ಪರು ಮಠಕ್ಕೆ ನಿಯಮಾವಳಿ ಬರೆದು ಮುದ್ರೆ ಒತ್ತಿ ಕಳಿಸಿದರು. ಕೊನೆಗೆ ಕಣ್ಣು ಕಾಣದಾದ ಪಾಲ್ಮೇರಿಯಾಳನ್ನೂ ನೆರೆಯವರು ಹೇಸರಗತ್ತೆಯ ಮೇಲೆ ತಂದು ಬಾಗಿಲಲ್ಲಿ ಇಳಿಸಿಹೋದರು. ಶುಕ್ರವಾರವೂ ಹಂದಿಕೊಬ್ಬಿನ ಸಾರು ಬೇಕೆಂದು ಜಗಳವಾಡುತ್ತಾ ಅವಳು ನಾಲ್ಕು ವರ್ಷ ಬದುಕಿದಳು. ಸೊಬಿಲಿಯಾಳ ಕೈಯಿಂದ ಮಾತ್ರ ಒಂದು ತುತ್ತೂ ತಿನ್ನಲಿಲ್ಲ.

ಸೊಬಿಲಿಯಾ ಸತ್ತದ್ದು ಹನ್ನೊಂದನೆಯ ವರ್ಷದ ಚಳಿಗಾಲದಲ್ಲಿ, ಎದೆಯಲ್ಲಿ ಕಫ ಕಟ್ಟಿ. ಆಗ ಮೂವತ್ತು ಮಂದಿ ಇದ್ದರು. ಅವಳು ಸಂತಳೆಂಬ ಮಾತು ಆಗಲೇ ಹಬ್ಬಿತ್ತು. ಚಟ್ಟಕ್ಕೆ ಮೊದಲು ಹೆಗಲು ಕೊಡುವವರು ತಾವೇ ಎಂದು ಎರಡೂ ಕೇರಿಯ ಗಂಡಸರು ಸೇತುವೆಯ ಮೇಲೆ ತಳ್ಳಾಡಿದರು. ತಳ್ಳಾಟ ಗುದ್ದಾಟವಾಯಿತು, ಒಬ್ಬನ ಮೂಗು ಒಡೆಯಿತು, ಇನ್ನೊಬ್ಬ ಚಾಕು ತೆಗೆದ. ಚಟ್ಟ ನೆಲಕ್ಕೆ ವಾಲಿತು.

"ಏಯ್, ಬಿಡ್ರೋ!" ಎಂದು ದಿಯಾಂಬ್ರಾ ಕಸಾಯಿಅಂಗಡಿಯ ಗಂಟಲಿನಲ್ಲಿ ಕೂಗಿದಳು. ಚಟ್ಟದ ಮುಂದಿನ ಬಲತುದಿಗೆ ತಾನು ಹೆಗಲು ಕೊಟ್ಟಳು, ಎಡಕ್ಕೆ ಚೆಕ್ಕಾ, ಹಿಂದೆ ಒಂದೇ ಕೊಪ್ಪರಿಗೆಯಲ್ಲಿ ಉಣ್ಣೆ ತಿರುವಿದ್ದ ಆ ಇಬ್ಬರು. ಗಂಡಸರು ಇನ್ನೂ ಒಬ್ಬರ ಕೊರಳು ಒಬ್ಬರು ಹಿಡಿದು ನಿಂತಿದ್ದರು. ಹೆಂಗಸರು ಅವರ ನಡುವೆಯೇ ದಾರಿ ಬಿಡಿಸಿಕೊಂಡು, ಹಿಂದೆ ನೋಡದೆ ಇಗರ್ಜಿಯ ಏರು ಹತ್ತಿದರು.